ಈಸಾನಿನ ಹಳ್ಳಿಯಲ್ಲಿ ಮುಯ್ಯಾಳಾಗಿ

ಥಾಯ್ಲೆಂಡಿನ ಈಸಾನಿನ ಹಳ್ಳಿ ಮನೆಗಳಲ್ಲಿ ನಾಳೆ ಬೆಳಿಗ್ಗೆ ಎಷ್ಟು ಜನ ಉಣ್ಣುತ್ತಾರೆ ಅನ್ನುವುದು ಇವತ್ತು ರಾತ್ರಿ ಮಲಗುವ ಮೊದಲೇ ಗೊತ್ತಾಗಿರಬೇಕು. ಅವರ ಅನ್ನ ನಮ್ಮ ಹಾಗೆ ಎಸರಿಟ್ಟು ಕುದಿಸುವ ಅನ್ನವಲ್ಲ. ಅಂಟಕ್ಕಿಯನ್ನು ರಾತ್ರಿ ನೆನೆಹಾಕಿ, ಬೆಳಗಿನ ಜಾವ ಹಬೆಯಲ್ಲಿ ಬೇಯಿಸುತ್ತಾರೆ. ಯಾರೋ ಒಬ್ಬರು ಹೆಚ್ಚಾಗಿ ಬಂದರೆಂದು ಆಗ ಇನ್ನೊಂದು ಪಾವು ಅಕ್ಕಿ ಸೇರಿಸುವಂತಿಲ್ಲ. ನೆನೆಯದ ಕಾಳು ಎಷ್ಟು ಹೊತ್ತು ಹಬೆಯಲ್ಲಿಟ್ಟರೂ ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ. ಹೀಗಾಗಿ ಆ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯಲು ಬಂದ ಸ್ವಯಂಸೇವಕರು ಕಲಿಯಬೇಕಾದ ಮೊದಲ ಶಿಸ್ತು ಪಾಠ ಮಾಡುವುದಲ್ಲ, ನಾಟಿ ಮಾಡುವುದೂ ಅಲ್ಲ. ನಾಳೆ ಊಟಕ್ಕೆ ಇರುತ್ತೇವೋ ಇಲ್ಲವೋ ಎಂದು ಹಿಂದಿನ ಸಂಜೆಯೇ ಮನೆಯಮ್ಮನಿಗೆ ಹೇಳುವುದು.

ಈಸಾನ್ ಎಂದರೆ ಥಾಯ್ಲೆಂಡಿನ ಈಶಾನ್ಯ ಭಾಗ. ಹೆಸರು ಬಂದಿರುವುದೂ ನಮ್ಮ ‘ಈಶಾನ’ದಿಂದಲೇ. ಕೋರಾತ್ ಪ್ರಸ್ಥಭೂಮಿಯ ಮೇಲೆ ಹರಡಿರುವ 20 ಪ್ರಾಂತ್ಯಗಳು, ಉತ್ತರಕ್ಕೂ ಪೂರ್ವಕ್ಕೂ ಮೆಕಾಂಗ್ ನದಿ, ಅದರಾಚೆ ಲಾವೋಸ್, ದಕ್ಷಿಣಕ್ಕೆ ಕಾಂಬೋಡಿಯಾ. ದೇಶದ ನೆಲದಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಇಲ್ಲಿದೆ. ಮನೆಮಾತು ಬ್ಯಾಂಕಾಕಿನ ಥಾಯ್ ಅಲ್ಲ, ಲಾವೋಗೆ ಸೇರಿದ ಈಸಾನ್ ನುಡಿ. ಸುರಿನ್, ಬುರಿರಾಮ್, ಸೀಸಾಕೇಟ್ ಕಡೆಯ ಅನೇಕ ಊರುಗಳಲ್ಲಿ ಕಾಂಬೋಡಿಯಾದ ನುಡಿಯಾದ ಖ್ಮೇರ್ ಕೂಡ ಇದೆ. ಕನ್ನಡದವರ ಕಿವಿಗೆ ಕೆಲವು ಪದಗಳು ಬೇಗ ಪರಿಚಯವಾಗುತ್ತವೆ. ಉಬೊನ್ ರಾಚಥಾನಿ ಎಂಬ ಊರಿನ ಹೆಸರಲ್ಲಿ ಉತ್ಪಲವೂ ರಾಜಧಾನಿಯೂ ಇವೆ. ‘ಬುನ್’ ಎಂದರೆ ಪುಣ್ಯ, ‘ಬಾಪ್’ ಎಂದರೆ ಪಾಪ, ‘ಥಾನ್’ ಎಂದರೆ ದಾನ, ‘ಖ್ರೂ’ ಎಂದರೆ ಮೇಷ್ಟ್ರು, ಅಂದರೆ ಗುರು.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಹಳ್ಳಿಗೆ ಸೇವೆ ಬೇಕು, ಅದನ್ನು ಕೊಡಲು ತಾವು ಹೊರಟಿದ್ದೇವೆ ಎಂಬ ಚಿತ್ರ ಇರುತ್ತದೆ. ಆ ಚಿತ್ರ ತಪ್ಪು. ಹಳ್ಳಿಯಲ್ಲಿ ಸೇವೆಯ ಏರ್ಪಾಡು ಮೊದಲಿನಿಂದಲೂ ಇದೆ. ನಾಟಿ, ಕೊಯ್ಲಿನ ಕಾಲದಲ್ಲಿ ನೆರೆಯವರು ಒಬ್ಬರ ಗದ್ದೆಗೆ ಒಬ್ಬರು ಇಳಿಯುವ ‘ಲೊಂಗ್ ಖೇಕ್’ ಪದ್ಧತಿ ನಮ್ಮ ಮುಯ್ಯಾಳಿನದೇ ತದ್ರೂಪು: ಕೂಲಿ ಇಲ್ಲ, ಗದ್ದೆಯವರು ಊಟ ಹಾಕುತ್ತಾರೆ, ಆ ದಿನದ ದುಡಿಮೆಯನ್ನು ದುಡಿಮೆಯಿಂದಲೇ ತೀರಿಸುತ್ತಾರೆ. ಆರೋಗ್ಯದ ವಿಷಯಕ್ಕೆ ಬಂದರೆ 1977ರಲ್ಲಿ ಶುರುವಾದ ಗ್ರಾಮ ಆರೋಗ್ಯ ಸ್ವಯಂಸೇವಕರ ಪಡೆಯಿದೆ. ದೇಶದಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಜನ, ಒಬ್ಬೊಬ್ಬರಿಗೆ ಸುಮಾರು ಹತ್ತು ಹದಿನೈದು ಮನೆ. ಜನ ಅವರನ್ನು ‘ಒ ಸೊ ಮೊ’ ಎಂಬ ಮೂರಕ್ಷರದಲ್ಲೇ ಕರೆಯುತ್ತಾರೆ. ಪದವೀಧರರನ್ನು ಹಳ್ಳಿಯಲ್ಲಿ ಉಳಿಸಿ ಹಳ್ಳಿಯಿಂದ ಕಲಿಸುವ ಯೋಜನೆಯನ್ನು ಅರ್ಥಶಾಸ್ತ್ರಜ್ಞ ಪುವೈ ಉಂಗ್‌ಫಾಕೋನ್ ತಮ್ಮಸಾತ್ ವಿಶ್ವವಿದ್ಯಾಲಯದಲ್ಲಿ 1969ರಲ್ಲೇ ಆರಂಭಿಸಿದ್ದರು. ಹೊರಗಿನಿಂದ ಬಂದವರು ಈ ಓಡುತ್ತಿರುವ ಬಂಡಿಗೆ ಒಂದು ಕೈ ಸೇರಿಸಬಹುದು. ಹೊಸ ಬಂಡಿ ತರುವ ಅಗತ್ಯವಿಲ್ಲ.

ಊರಿಗೆ ಹೋಗುವ ಮೊದಲು ಕಾಗದಪತ್ರದ ಮಾತು. ಇಲ್ಲಿ ಎಡವುವವರೇ ಹೆಚ್ಚು. 2024ರ ಜುಲೈ ಮಧ್ಯದಿಂದ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಪ್ರವಾಸಕ್ಕೆ ಅವಕಾಶ ಕೊಟ್ಟರು. ಈ ನಿಯಮ ಆಗಾಗ ಬದಲಾಗುವಂಥದ್ದು, ಟಿಕೆಟ್ ತೆಗೆಯುವ ಮೊದಲು ರಾಯಭಾರ ಕಚೇರಿಯ ತಾಣದಲ್ಲಿ ನೋಡಿಕೊಳ್ಳಬೇಕು. ದಿನ ಎಷ್ಟೇ ಇರಲಿ, ಅದು ಸುತ್ತಾಡಲು ಕೊಟ್ಟ ಅನುಮತಿ. ಸಂಬಳ ತೆಗೆದುಕೊಳ್ಳುವುದಿಲ್ಲವಲ್ಲ ಎಂದು ಶಾಲೆಯಲ್ಲಿ ಪಾಠಕ್ಕೆ ನಿಂತರೆ ಅಲ್ಲಿನ ಅಧಿಕಾರಿಗಳ ಕಣ್ಣಿಗೆ ಅದು ಕೆಲಸವೇ. ಪರವಾನಗಿಯಿಲ್ಲದೆ ಕೆಲಸ ಮಾಡಿದ ವಿದೇಶಿಗೆ 5,000ದಿಂದ 50,000 ಬಾತ್‌ವರೆಗೆ ದಂಡ, ಜೊತೆಗೆ ದೇಶದಿಂದ ಹೊರಗೆ. ಕೆಲಸಕ್ಕಿಟ್ಟುಕೊಂಡವರಿಗೂ ದಂಡ ಬೀಳುತ್ತದೆ, ಅಂದರೆ ಆ ಬಡ ಶಾಲೆಗೆ ಅಥವಾ ಸಂಸ್ಥೆಗೆ.

ಸರಿಯಾದ ದಾರಿ ಹೀಗೆ. ಥಾಯ್ಲೆಂಡಿನಲ್ಲಿ ನೋಂದಾಯಿತವಾದ ಪ್ರತಿಷ್ಠಾನ ಅಥವಾ ಸಂಘ ಆಹ್ವಾನ ಪತ್ರ, ತನ್ನ ನೋಂದಣಿ ದಾಖಲೆಯ ಪ್ರತಿ, ಮಾಡಬೇಕಾದ ಕೆಲಸದ ವಿವರ ಕಳಿಸುತ್ತದೆ. ಅದನ್ನಿಟ್ಟು ‘ನಾನ್ ಇಮಿಗ್ರೆಂಟ್ ಓ’ ವೀಸಾಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಮೊದಲು ಸಿಗುವುದು 90 ದಿನ. ಆ ನಂತರ ಸಂಸ್ಥೆಯವರು ಪ್ರಾಂತ್ಯದ ಉದ್ಯೋಗ ಕಚೇರಿಯಲ್ಲಿ ಕೆಲಸದ ಪರವಾನಗಿ ಮಾಡಿಸುತ್ತಾರೆ. ಪರವಾನಗಿ ಕೈಗೆ ಬರುವವರೆಗೆ ಊರು ನೋಡಿ, ಭಾಷೆ ಕಲಿಯಿರಿ, ತರಗತಿಗೆ ಕಾಲಿಡಬೇಡಿ. ಥಾಯ್ಲೆಂಡ್ ತಲುಪುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಆಗಮನ ಪತ್ರ ತುಂಬಬೇಕು, 2025ರ ಮೇ 1ರಿಂದ ಇದು ಕಡ್ಡಾಯ. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ತಾಣ ಕಂಡರೆ ಅದು ನಕಲಿ. ಮನೆಯಲ್ಲಿ ಉಳಿದ 24 ಗಂಟೆಯೊಳಗೆ ಮನೆಯವರು ‘ಟಿ ಎಂ 30’ ನಮೂನೆಯಲ್ಲಿ ವಲಸೆ ಕಚೇರಿಗೆ ತಿಳಿಸಬೇಕು. ಹಳ್ಳಿಯ ಮನೆಯವರಿಗೆ ಇದು ಅನೇಕ ಸಲ ಗೊತ್ತೇ ಇರುವುದಿಲ್ಲ. ಮುಂದೆ ವೀಸಾ ವಿಸ್ತರಿಸಲು ಹೋದಾಗ ದಂಡ ಬೀಳುವುದು ಅವರಿಗೆ. ಆದ್ದರಿಂದ ನೆನಪಿಸುವ ಹೊಣೆ ಅತಿಥಿಯದು. 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ವೀಸಾ ಅವಧಿ ಮೀರಿದರೆ ದಿನಕ್ಕೆ 500 ಬಾತ್, ಹೆಚ್ಚೆಂದರೆ 20,000.

ಸಂಸ್ಥೆಯನ್ನು ಆರಿಸುವಾಗ ಮುಜುಗರ ಬಿಟ್ಟು ಕೇಳಿ: ಪರವಾನಗಿ ನೀವೇ ಮಾಡಿಸುತ್ತೀರಾ? ನಾನು ಕೊಡುವ ಹಣದಲ್ಲಿ ಮನೆಯವರಿಗೆ ಎಷ್ಟು ಹೋಗುತ್ತದೆ? ನನಗಿಂತ ಮೊದಲು ಬಂದವರು ಮಾಡಿದ ಕೆಲಸ ಈಗ ಯಾರ ಕೈಯಲ್ಲಿದೆ? ಮಕ್ಕಳ ನಡುವೆ ಕೆಲಸವಿದ್ದೂ ಪೊಲೀಸ್ ನಡತೆ ಪ್ರಮಾಣಪತ್ರ ಕೇಳದ ಸಂಸ್ಥೆಯಿಂದ ದೂರವಿರಿ. ಎರಡು ವಾರಕ್ಕೆ ಬಂದವರನ್ನು ಅನಾಥ ಮಕ್ಕಳ ಜೊತೆ ಆಡಲು ಬಿಡುವ ಜಾಗಗಳಿಗೆ ಹೋಗಲೇಬಾರದು. ವಾರ ವಾರಕ್ಕೂ ಹೊಸ ಮುಖವನ್ನು ಹಚ್ಚಿಕೊಂಡು ಕಳೆದುಕೊಳ್ಳುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ. ಕಾಂಬೋಡಿಯಾ ಗಡಿಗಂಟಿದ ತಾಲ್ಲೂಕುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: 2025ರ ಜುಲೈಯಲ್ಲಿ ಅಲ್ಲಿ ಗುಂಡಿನ ಕಾಳಗವೇ ನಡೆಯಿತು. ಸುರಿನ್, ಸೀಸಾಕೇಟ್, ಉಬೊನ್, ಬುರಿರಾಮ್ ಪ್ರಾಂತ್ಯಗಳಲ್ಲಿ ಊರು ಗಡಿಯಿಂದ ಎಷ್ಟು ದೂರ ಎಂದು ನಕ್ಷೆ ನೋಡಿಯೇ ಒಪ್ಪಿಕೊಳ್ಳಿ.

ಇನ್ನು ಅಡುಗೆಮನೆಗೆ ಬರೋಣ. ಅಂಟಕ್ಕಿಗೆ ಅಲ್ಲಿ ‘ಖಾವ್ ನಿಯಾವ್’ ಎನ್ನುತ್ತಾರೆ. ಹೆಚ್ಚು ಬೆಳೆಯುವ ತಳಿ 1977ರಲ್ಲಿ ಬಿಡುಗಡೆಯಾದ ‘ಕೊ ಖೊ 6’; ಘಮಘಮಿಸುವ ಮಲ್ಲಿಗೆ ಅಕ್ಕಿಯ ಮೇಲೆ ವಿಕಿರಣ ಹಾಯಿಸಿ ಪಡೆದದ್ದು, ಹಾಗಾಗಿ ಆ ಪರಿಮಳ ಇದರಲ್ಲೂ ಇದೆ. ಒಬ್ಬರ ಒಂದು ಹೊತ್ತಿಗೆ 150ರಿಂದ 200 ಗ್ರಾಂ ಅಕ್ಕಿ ಲೆಕ್ಕ. ಎರಡು ಮೂರು ಸಲ ತೊಳೆದು, ಕಾಳಿನ ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಆರರಿಂದ ಎಂಟು ಗಂಟೆ ನೆನೆಯಬೇಕು. ಹೊಸ ಅಕ್ಕಿಗೆ ಕಡಿಮೆ ಹೊತ್ತು ಸಾಕು, ಹಳೆಯದಕ್ಕೆ ಹೆಚ್ಚು ಬೇಕು. ನೆನೆದಿದೆಯೋ ಇಲ್ಲವೋ ನೋಡಲು ಒಂದು ಕಾಳನ್ನು ಉಗುರಿನಿಂದ ಒತ್ತುತ್ತಾರೆ, ಪುಡಿಯಾದರೆ ಸರಿ.

ಬೇಯಿಸುವುದು ‘ಹುವತ್’ ಎಂಬ ಬಿದಿರಿನ ಬುಟ್ಟಿಯಲ್ಲಿ. ಆಕಾರ ಮೊನೆ ಕೆಳಗಾದ ಶಂಕುವಿನಂತೆ. ಇದು ಸೊಂಟ ಸಣ್ಣಗಿರುವ ಅಲ್ಯೂಮಿನಿಯಂ ಪಾತ್ರೆಯ ಬಾಯಲ್ಲಿ ಕೂರುತ್ತದೆ. ಬುಟ್ಟಿಯನ್ನು ಮೊದಲು ನೀರಲ್ಲಿ ಅದ್ದಿ ತೆಗೆಯದಿದ್ದರೆ ಅನ್ನ ಬಿದಿರಿಗೆ ಕಚ್ಚಿಕೊಳ್ಳುತ್ತದೆ. ಬುಟ್ಟಿಯ ತುದಿ ಕುದಿಯುವ ನೀರಿಗೆ ತಾಗಿದರೆ ಕೆಳಗಿನ ಅನ್ನ ಗಂಜಿಯಾಗುತ್ತದೆ. ಬುಟ್ಟಿಗೂ ಪಾತ್ರೆಯ ಬಾಯಿಗೂ ನಡುವೆ ಹಬೆ ಸೋರುತ್ತಿದ್ದರೆ ಒದ್ದೆ ಬಟ್ಟೆ ಸುತ್ತಬೇಕು. ಹೊಸಬರ ಅನ್ನ ಅರ್ಧ ಬೆಂದು ಉಳಿಯಲು ಸಾಮಾನ್ಯವಾಗಿ ಈ ಸೋರಿಕೆಯೇ ಕಾರಣ. ಹಬೆ ಮೇಲಕ್ಕೆ ಬಂದ ಮೇಲೆ ಹದಿನೈದು ನಿಮಿಷ, ಆಮೇಲೆ ಬುಟ್ಟಿಯನ್ನು ಕುಲುಕಿ ಇಡೀ ಮುದ್ದೆ ಒಂದೇ ಸಲ ಮಗುಚುವಂತೆ ಎಗರಿಸಿ, ಮತ್ತೆ ಐದರಿಂದ ಹತ್ತು ನಿಮಿಷ.

ಬೆಂದ ಮೇಲಿನ ಕೆಲಸವನ್ನು ಮರೆಯುವವರೇ ಬಹಳ. ಅನ್ನವನ್ನು ಮರದ ಹಲಗೆಯ ಮೇಲೆ ಸುರಿದು, ಒದ್ದೆ ಮಾಡಿದ ಮರದ ಸಟ್ಟುಗದಿಂದ ಹರಡಿ, ಮಗುಚಿ, ಮೇಲಿನ ಹಬೆ ಹಾರಲು ಬಿಡಬೇಕು. ಒಂದೆರಡು ನಿಮಿಷದ ಕೆಲಸ. ಬಿಸಿಬಿಸಿಯಾಗಿ ಹಾಗೇ ತುಂಬಿಸಿಟ್ಟರೆ ಹಬೆ ಒಳಗೇ ನೀರಾಗಿ ಇಳಿದು, ಮೇಲೆ ಜಿಗಟು, ಮಧ್ಯಾಹ್ನದ ಹೊತ್ತಿಗೆ ಹುಳಿ. ಹಬೆ ಹೋದ ಅನ್ನವನ್ನು ಗುಂಡಗೆ ಕೂಡಿಸಿ ‘ಕ್ರತಿಪ್’ ಎಂಬ ಮುಚ್ಚಳದ ಬಿದಿರು ಬುಟ್ಟಿಗೆ ಇಡುತ್ತಾರೆ. ಬಿದಿರಿನ ಹೆಣಿಗೆ ಎರಡು ಪದರ. ಬಿಸಿಯೂ ಉಳಿಯುತ್ತದೆ, ಉಸಿರೂ ಆಡುತ್ತದೆ. ಗದ್ದೆಗೆ ಹೋಗುವವರು ದಾರದಿಂದ ಹೆಗಲಿಗೆ ನೇತುಹಾಕಿಕೊಂಡರೆ ಸಂಜೆವರೆಗೂ ಅನ್ನ ಮೆತ್ತಗೇ ಇರುತ್ತದೆ. ಉಣ್ಣುವಾಗ ಬಲಗೈಯಲ್ಲಿ ಒಂದು ಹಿಡಿ ತೆಗೆದು ತಕ್ಷಣ ಮುಚ್ಚಳ ಹಾಕಬೇಕು, ತೆರೆದಿಟ್ಟರೆ ಒಣಗಿ ಕಲ್ಲಾಗುತ್ತದೆ. ಆ ಹಿಡಿಯಿಂದ ಚಿಕ್ಕ ಚಿಕ್ಕ ತುತ್ತು ಮುರಿದು, ಉಂಡೆ ಕಟ್ಟಿ, ಹೆಬ್ಬೆರಳಿಂದ ಒತ್ತಿ ಗುಳಿ ಮಾಡಿ, ‘ಜೇವ್’ ಎಂಬ ಮೆಣಸಿನ ಚಟ್ನಿಯಲ್ಲಿ ಅದ್ದುತ್ತಾರೆ. ಮುದ್ದೆ ಮುರಿದು ಗೊತ್ತಿರುವ ಕೈಗೆ ಇದು ಒಂದೇ ದಿನದಲ್ಲಿ ಒಲಿಯುತ್ತದೆ. ವ್ಯತ್ಯಾಸ ಏನೆಂದರೆ ಇದನ್ನು ನುಂಗುವುದಿಲ್ಲ, ಅಗಿಯಬೇಕು.

ಸಸ್ಯಾಹಾರಿಗಳಿಗೆ ಇಲ್ಲಿ ಕಷ್ಟವಿದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ‘ಮಾಂಗ್ಸವಿರತ್’ ಎಂಬ ಪದದಲ್ಲಿ ಮಾಂಸವೂ ವಿರತಿಯೂ ನಮಗೆ ಕೇಳಿಸುತ್ತವೆ, ಆದರೆ ಹಳ್ಳಿಯಲ್ಲಿ ಹಾಗೆಂದರೆ ಕೋಳಿ, ಹಂದಿ ಮಾತ್ರ ಬಿಟ್ಟಾರು. ಮೀನಿನ ಸಾರ ‘ನಾಮ್ ಪ್ಲಾ’ವನ್ನೂ, ಮೀನು, ಉಪ್ಪು, ಅಕ್ಕಿ ತವುಡು ಸೇರಿಸಿ ತಿಂಗಳುಗಟ್ಟಲೆ ಹುಳಿಸಿದ ‘ಪ್ಲಾ ರಾ’ವನ್ನೂ ಅವರು ಮಾಂಸವೆಂದು ಎಣಿಸುವುದಿಲ್ಲ, ಅವು ಉಪ್ಪಿನ ಜಾಗದಲ್ಲಿ ನಿಂತ ಪದಾರ್ಥಗಳು. ಪೂರ್ತಿ ಸಸ್ಯಾಹಾರಕ್ಕಿರುವ ‘ಜೇ’ ಎಂಬ ಪದ ಹೇಳಿದರೆ ಬೇಗ ಅರ್ಥವಾಗುತ್ತದೆ, ಆದರೆ ಜೇ ಊಟದಲ್ಲಿ ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ‘ಬೋ ಸಾಯ್ ಪ್ಲಾ ರಾ, ಬೋ ಸಾಯ್ ನಾಮ್ ಪ್ಲಾ’, ಅವೆರಡನ್ನೂ ಹಾಕಬೇಡಿ, ಎಂದು ನೇರವಾಗಿ ಹೇಳುವುದೇ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ದಿನಕ್ಕೊಂದು ಪದಾರ್ಥ ತಾವೇ ಮಾಡಿಕೊಳ್ಳುವುದು. ಪ್ಲಾ ರಾದ ವಾಸನೆ ಹಿಡಿದ ಒರಳನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಮಣ್ಣಿನ ಒರಳು, ಮರದ ಒನಕೆ ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಬೇರೆಯೇ ಇಟ್ಟುಕೊಳ್ಳಿ. ಹಸಿ ಪಪ್ಪಾಯಿ, ಬೆಳ್ಳುಳ್ಳಿ, ಹಸಿಮೆಣಸು, ಟೊಮೆಟೊ, ನಿಂಬೆರಸ, ಬೆಲ್ಲ, ಉಪ್ಪು ಹಾಕಿ ಕುಟ್ಟಿದರೆ ಸೊಮ್ ತಾಮ್ ಆಯಿತು. ಮಳೆಗಾಲದಲ್ಲಿ ಅಣಬೆ, ಕಳಲೆ, ಬೇಲಿಯ ಸೊಪ್ಪುಗಳು ಧಾರಾಳ. ಬೇಳೆ ಸಾರು ಮಾಡಿ ಮನೆಯವರಿಗೂ ಬಡಿಸಿದರೆ ಮುಯ್ಯಿಗೆ ಮುಯ್ಯಿ ಆಗುತ್ತದೆ.

ಮಾಂಸಾಹಾರಿಗಳಿಗೆ ಒಂದೇ ಎಚ್ಚರಿಕೆ, ಆದರೆ ಜೀವದ ಎಚ್ಚರಿಕೆ. ಕೆರೆ ಹೊಳೆಯ ಸಣ್ಣ ಮೀನನ್ನು ಹಸಿಯಾಗಿ ಕೊಚ್ಚಿ ನಿಂಬೆಹುಳಿ, ಮೆಣಸು ಕಲಸಿದ ‘ಕೋಯ್ ಪ್ಲಾ’ ಈಸಾನಿನ ಹಳೆಯ ಪ್ರೀತಿಯ ತಿನಿಸು. ಹುಳಿ ಬಿದ್ದೊಡನೆ ಮೀನು ಬೆಂದಂತೆ ಬೆಳ್ಳಗಾಗುತ್ತದೆ, ಆದರೆ ಅದರೊಳಗಿನ ಯಕೃತ್ತಿನ ಹುಳುವಿನ ಮರಿ ಸಾಯುವುದಿಲ್ಲ. ಹುಳು ಪಿತ್ತನಾಳದಲ್ಲಿ ವರ್ಷಗಟ್ಟಲೆ ಕೂತು ಮುಂದೆ ಅಲ್ಲೇ ಕ್ಯಾನ್ಸರ್ ಹುಟ್ಟಿಸಬಲ್ಲದು. ಪಿತ್ತನಾಳದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಕಾಣಿಸುವ ಜಾಗಗಳಲ್ಲಿ ಖೊನ್ ಕೇನ್ ಪ್ರಾಂತ್ಯ ಒಂದು. ಹಸಿ ಹಂದಿಮಾಂಸ ಕೊಚ್ಚಿ ಕಲಸಿದ ಲಾಪ್‌ನಿಂದ ಬರುವ ಸೋಂಕು ಕಿವುಡನ್ನೇ ತರಬಲ್ಲದು. ‘ದಿಪ್’ ಎಂದರೆ ಹಸಿ, ‘ಸುಕ್’ ಎಂದರೆ ಬೆಂದದ್ದು. ‘ಕಿನ್ ಸುಕ್’, ಬೆಂದದ್ದು ಮಾತ್ರ ತಿನ್ನುತ್ತೇನೆ, ಎಂದು ನಗುತ್ತಾ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆರೋಗ್ಯ ಸ್ವಯಂಸೇವಕರೂ ವರ್ಷಗಳಿಂದ ಹೇಳುತ್ತಿರುವುದು ಇದನ್ನೇ. ಪ್ಲಾ ರಾ ಕೂಡ ಕುದಿಸಿದ್ದೇ ಇರಲಿ.

ಗದ್ದೆಯ ಲೆಕ್ಕ ‘ರಾಯ್’ನಲ್ಲಿ. ಒಂದು ರಾಯ್ ಎಂದರೆ 1,600 ಚದರ ಮೀಟರ್, ನಮ್ಮ 16 ಗುಂಟೆಗೆ ತೀರಾ ಹತ್ತಿರ. ಈಸಾನಿನಲ್ಲಿ ಹೆಚ್ಚಿನದು ಮಳೆಯನ್ನೇ ನಂಬಿದ ಒಂದು ಬೆಳೆಯ ಬೇಸಾಯ: ಮೇ, ಜೂನಿನಲ್ಲಿ ಸಸಿಮಡಿ, ಜುಲೈ, ಆಗಸ್ಟಿನಲ್ಲಿ ನಾಟಿ, ನವೆಂಬರಿನಲ್ಲಿ ಕೊಯ್ಲು. ಸಾಂಪ್ರದಾಯಿಕ ಮಲ್ಲಿಗೆ ಅಕ್ಕಿಯ ತಳಿ ಹಗಲು ಕುಗ್ಗುವುದನ್ನು ಗುರುತಿಸಿ ಹೂ ಬಿಡುತ್ತದೆ. ಯಾವಾಗ ನೆಟ್ಟರೂ ಅಕ್ಟೋಬರಿನ ಕೊನೆಯ ಹೊತ್ತಿಗೆ ತೆನೆ ಹೊರಡುತ್ತದೆ. ತಡವಾಗಿ ನೆಟ್ಟ ಸಸಿಗೆ ತೆಂಡೆ ಒಡೆಯಲು ಕಾಲ ಸಾಲದೆ ಗಿಡ ಕುಳ್ಳಾಗಿ ಇಳುವರಿ ಇಳಿಯುತ್ತದೆ. ನಾಟಿಯ ದಿನಗಳಲ್ಲಿ ಊರು ಅಷ್ಟು ಅವಸರದಲ್ಲಿರುವುದು ಇದಕ್ಕೇ. ಆಗ ಫೋಟೊ ತೆಗೆಸಿಕೊಳ್ಳಲು ಗದ್ದೆಗಿಳಿದವರು ಒಂದು ಸಾಲನ್ನು ಅಡ್ಡಗಟ್ಟಿ ನಿಲ್ಲುವುದು ನಿಜವಾದ ನಷ್ಟ.

ನಾಟಿ ಗೊತ್ತಿಲ್ಲದವರು ಮೊದಲ ದಿನ ಸಸಿ ಕಿತ್ತು ಕಟ್ಟು ಕಟ್ಟುವುದಕ್ಕೆ ನಿಲ್ಲುವುದು ಒಳ್ಳೆಯದು. 25ರಿಂದ 30 ದಿನದ ಸಸಿಯನ್ನು ಬುಡದ ಹತ್ತಿರ ಹಿಡಿದು ಎಳೆದು, ಬೇರಿನ ಕೆಸರನ್ನು ಪಾದದ ಪಕ್ಕಕ್ಕೆ ಬಡಿದು ಉದುರಿಸಿ, ಕಟ್ಟಿ, ತುದಿ ಕತ್ತರಿಸುತ್ತಾರೆ. ತುದಿ ಉದ್ದವಿದ್ದರೆ ಗಾಳಿಗೆ ಬಾಗಿ ಸಸಿ ಮೇಲೇಳುತ್ತದೆ. ನೆಡುವಾಗ ಒಂದು ಗುದ್ದಿಗೆ ಮೂರರಿಂದ ಐದು ಸಸಿ, ಗೇಣಿಗೊಂದರಂತೆ, ಮೂರು ನಾಲ್ಕು ಸೆಂಟಿಮೀಟರ್ ಆಳ. ಆಳ ಹೆಚ್ಚಾದರೆ ತೆಂಡೆ ಕಡಿಮೆ, ಕಡಿಮೆಯಾದರೆ ಮರುದಿನ ಸಸಿ ತೇಲುತ್ತಿರುತ್ತದೆ. ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋಗುವುದರಿಂದ ತಮ್ಮದೇ ಕಾಲುಗುಳಿಯಲ್ಲಿ ನೆಡದಂತೆ ನೋಡಿಕೊಳ್ಳಬೇಕು, ಗುಳಿಯಲ್ಲಿ ಸಸಿ ನಿಲ್ಲುವುದಿಲ್ಲ. ಇದೆಲ್ಲ ಇನ್ನೂ ನಾಟಿ ಉಳಿದಿರುವ ಊರುಗಳ ಮಾತು. ಹುಡುಗರು ಬ್ಯಾಂಕಾಕ್ ಸೇರಿದ ಮೇಲೆ ಆಳು ಸಿಗದೆ ಬಹಳ ಕಡೆ ಬೀಜ ಎರಚುವ ‘ನಾ ವಾನ್’ ಬಂದಿದೆ, ಕೊಯ್ಲಿಗೆ ಯಂತ್ರ ಬಂದಿದೆ. ಮನೆಗಳಲ್ಲಿ ಅಜ್ಜಿ ತಾತ, ಮೊಮ್ಮಕ್ಕಳು ಮಾತ್ರ. ನಮ್ಮ ಉತ್ತರ ಕರ್ನಾಟಕದ ಗುಳೆ ಹೋದ ಊರುಗಳನ್ನು ನೋಡಿದವರಿಗೆ ಈ ನೋಟ ಹೊಸದಲ್ಲ.

ಕೆಸರಿಗೆ ಇಳಿಯುವ ಮುಂಚೆ ಕಾಲು ನೋಡಿಕೊಳ್ಳಿ. ಗಾಯವಿದ್ದರೆ ಇಳಿಯಬೇಡಿ, ಇಲ್ಲದಿದ್ದರೂ ರಬ್ಬರ್ ಬೂಟು ಹಾಕಿ. ಇಲಿಜ್ವರದ ಜೊತೆಗೆ ಈಸಾನಿನ ಮಣ್ಣಿನಲ್ಲಿ ಮೆಲಿಯಾಯಿಡೋಸಿಸ್ ಎಂಬ ರೋಗದ ಬ್ಯಾಕ್ಟೀರಿಯಾ ಇದೆ. ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಈ ರೋಗ ಕಾಣಿಸಿಕೊಳ್ಳುತ್ತದೆ. ಜ್ವರ, ಕೆಮ್ಮು, ಕೀವುಗಡ್ಡೆಯಾಗಿ ಬರುವ ಇದಕ್ಕೆ ಎಲ್ಲ ಆಂಟಿಬಯಾಟಿಕ್‌ಗಳೂ ತಾಗುವುದಿಲ್ಲ, ತಡವಾದರೆ ಪ್ರಾಣಕ್ಕೇ ಅಪಾಯ. ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಹಲವು ಪಟ್ಟು. ಅವರು ಗದ್ದೆ ಕೆಲಸ ಬಿಟ್ಟು ಬೇರೆ ಏನಾದರೂ ಮಾಡಲಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೂ ವೈದ್ಯರಿಗೆ ‘ಈಸಾನಿನಲ್ಲಿ ಗದ್ದೆಗಿಳಿದಿದ್ದೆ’ ಎಂಬ ಮಾತು ತಪ್ಪದೆ ಹೇಳಬೇಕು. ಅಲ್ಲಿ ತುರ್ತಿಗೆ 1669.

ಶಾಲೆಯ ಕೆಲಸಕ್ಕೆ ಬರುವವರು ಮೇ ಮಧ್ಯದಿಂದ ಅಕ್ಟೋಬರ್ ಆರಂಭದವರೆಗಿನ ಮೊದಲ ಅವಧಿಯನ್ನೋ, ನವೆಂಬರಿನಿಂದ ಮಾರ್ಚ್‌ವರೆಗಿನ ಎರಡನೆಯದನ್ನೋ ಪೂರ್ತಿ ಹಿಡಿಯಬೇಕು. 120 ಮಕ್ಕಳವರೆಗಿನ ಶಾಲೆಗೆ ಅಲ್ಲಿ ‘ಸಣ್ಣ ಶಾಲೆ’ ಎನ್ನುತ್ತಾರೆ, ಹಳ್ಳಿಯವು ಹೆಚ್ಚಾಗಿ ಇಂಥವೇ. ತರಗತಿಗೊಬ್ಬ ಮೇಷ್ಟ್ರಿಲ್ಲದ ಕಡೆ ಹುವಾ ಹಿನ್ ಊರಿನ ಶಾಲೆಯೊಂದರಿಂದ ಉಪಗ್ರಹದ ಮೂಲಕ ಬರುವ ಟಿವಿ ಪಾಠ ನಡೆಯುತ್ತಿರುತ್ತದೆ. 1995ರಲ್ಲಿ ಶುರುವಾದ ಏರ್ಪಾಡು. ಸ್ವಯಂಸೇವಕರು ಅದನ್ನು ನಿಲ್ಲಿಸಿ ತಮ್ಮ ಆಟ ಹಾಡು ಶುರು ಮಾಡುವ ಬದಲು, ಟಿವಿ ಪಾಠ ಮುಂದೆ ಸಾಗಿದಾಗ ಹಿಂದೆ ಬಿದ್ದ ನಾಲ್ಕು ಮಕ್ಕಳ ಪಕ್ಕ ಕೂರುವುದು ಹೆಚ್ಚು ಉಪಯೋಗದ ಕೆಲಸ.

ಇಂಗ್ಲಿಷ್ ಹೇಳಿಕೊಡುವವರಿಗೆ ಒಂದು ಸೂಕ್ಷ್ಮ ಗೊತ್ತಿರಲಿ. ಥಾಯ್ ಮಾತಿನಲ್ಲಿ ಉಚ್ಚಾರದ ಕೊನೆಗೆ ಪ್, ತ್, ಕ್, ಮ್, ನ್, ಙ್, ಯ್, ವ್ ಬಿಟ್ಟು ಬೇರೆ ವ್ಯಂಜನ ನಿಲ್ಲುವುದಿಲ್ಲ. ಹಾಗಾಗಿ ‘ಬಾಲ್’ ಅಲ್ಲಿ ‘ಬೋನ್’ ಆಗುತ್ತದೆ, ‘ಆಪಲ್’ ‘ಆಪ್ಪೆನ್’ ಆಗುತ್ತದೆ. ಮಗುವಿಗೆ ಕೇಳಿಸುತ್ತಿಲ್ಲ ಎಂದೋ ಗಮನವಿಲ್ಲ ಎಂದೋ ಅಲ್ಲ. ನಾಲಿಗೆ ಮನೆಮಾತಿನ ದಾರಿ ಹಿಡಿದಿದೆ. ಪದವನ್ನು ಹತ್ತು ಸಲ ಕೂಗಿಸುವುದರಿಂದ ಇದು ಸರಿಹೋಗುವುದಿಲ್ಲ. ‘ಲ್’ ಹೇಳಿದಾಗ ನಾಲಿಗೆಯ ತುದಿ ಎಲ್ಲಿ ತಾಗುತ್ತದೆ, ಮೂಗು ಮುಚ್ಚಿಕೊಂಡರೂ ಧ್ವನಿ ಬರುತ್ತದೆಯೇ ಎಂದು ಕನ್ನಡಿ ಹಿಡಿದು ತೋರಿಸಿದರೆ ವಾರದೊಳಗೆ ವ್ಯತ್ಯಾಸ ಕೇಳಿಸುತ್ತದೆ.

ಜೂನಿನ ಒಂದು ಗುರುವಾರ ‘ವಾಯ್ ಖ್ರೂ’, ಗುರುವಂದನೆ. ಗುರುವಾರಕ್ಕೆ ಅವರಿಟ್ಟ ಹೆಸರಲ್ಲೂ ಬೃಹಸ್ಪತಿಯೇ ಇದ್ದಾನೆ. ಮಕ್ಕಳು ಬಾಳೆಎಲೆಯಿಂದ ಕಟ್ಟಿದ ತಟ್ಟೆಗಳಲ್ಲಿ ಗರಿಕೆ, ಕೇಪಳದ ಹೂ, ಬದನೆ ಹೂ, ಭತ್ತದ ಅರಳು ಇಟ್ಟು ತರುತ್ತಾರೆ. ಗರಿಕೆ ಬೇಗ ಹಬ್ಬುವಂತೆ ವಿದ್ಯೆ ಹಬ್ಬಲಿ. ಕೇಪಳದ ಮೊಗ್ಗಿನ ಮೊನೆಯಂತೆ ಬುದ್ಧಿ ಚುರುಕಾಗಲಿ. ಬದನೆ ಹೂ ಕೆಳಮುಖವಾಗಿ ಬಾಗಿರುವಂತೆ ವಿನಯವಿರಲಿ. ಹುರಿದರಷ್ಟೇ ಅರಳುವ ಭತ್ತದಂತೆ ಶಿಸ್ತಿನಲ್ಲಿ ಬೆಳೆಯಲಿ. ನಾಲ್ಕೂ ನಮ್ಮ ಹಿತ್ತಿಲಲ್ಲೇ ಸಿಗುವಂಥವು. ಮೂರು ವಾರದ ಹಿಂದೆ ಬಂದ ಸ್ವಯಂಸೇವಕರ ಎದುರೂ ಮಕ್ಕಳು ಮಂಡಿಯೂರಿ ತಲೆಬಾಗುತ್ತಾರೆ. ಆಗ ಸಂಕೋಚದಿಂದ ಎದ್ದು ನಿಲ್ಲಬಾರದು, ಮಕ್ಕಳನ್ನು ತಡೆಯಲೂ ಬಾರದು. ಕುರ್ಚಿಯಲ್ಲಿ ನೆಟ್ಟಗೆ ಕೂತು ಎರಡೂ ಕೈಯಿಂದ ತಟ್ಟೆ ಪಡೆಯಬೇಕು. ಆ ಗೌರವ ಆ ಜಾಗಕ್ಕೆ ಸಂದದ್ದು.

ಭಾಷೆಯಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ಅಲ್ಪಪ್ರಾಣ ಮಹಾಪ್ರಾಣದ ಭೇದ ಅಲ್ಲೂ ಜೀವಂತ. ‘ಪಾ’ ಎಂದರೆ ಕಾಡು, ಮಹಾಪ್ರಾಣದ ‘ಫಾ’ ಎಂದರೆ ಬಟ್ಟೆ. ಆದರೆ ‘ಫ’ವನ್ನು ಇಂಗ್ಲಿಷಿನ ಎಫ್ ಹಾಗೆ ಹೇಳುವ ಈಗಿನ ರೂಢಿಯನ್ನು ಅಲ್ಲಿಗೆ ಕೊಂಡೊಯ್ದರೆ ಬಟ್ಟೆ ಆಕಾಶವಾಗಿಬಿಡುತ್ತದೆ. ಕಷ್ಟವಿರುವುದು ಸ್ವರದ ಏರಿಳಿತದಲ್ಲಿ. ‘ಖಾವ್’ ಎಂಬುದನ್ನು ಮೇಲಿಂದ ಕೆಳಗಿಳಿಸಿದರೆ ಅನ್ನ, ತಗ್ಗಿಸಿ ಹೇಳಿದರೆ ಸುದ್ದಿ, ಏರಿಸಿದರೆ ಬಿಳುಪು. ಅಣ್ಣ, ಅಕ್ಕ ಎಂಬುದಕ್ಕಿರುವ ‘ಫೀ’ ಏರುದನಿಯಲ್ಲಿ ದೆವ್ವವಾಗುತ್ತದೆ. ಹಳ್ಳಿಯಲ್ಲಿ ಹೆಸರು ಹಿಡಿದು ಕರೆಯುವುದು ಕಡಿಮೆ: ಮನೆಯಮ್ಮ ‘ಮೇ’, ಯಜಮಾನ ‘ಫೋ’, ಅಪ್ಪ ಅಮ್ಮನಿಗಿಂತ ಹಿರಿಯರಾದ ಗಂಡಸರು ‘ಲುಂಗ್’, ಹೆಂಗಸರು ಬೇರೆ ದನಿಯ ‘ಪಾ’, ಕಿರಿಯರು ‘ನೊಂಗ್’. ಎದುರು ಸಿಕ್ಕವರು ‘ಕಿನ್ ಖಾವ್ ಲೇವ್ ಬೋ’ ಎನ್ನುತ್ತಾರೆ, ನಮ್ಮ ‘ಊಟ ಆಯ್ತಾ’ ಅಕ್ಷರಶಃ ಅದೇ. ಗಂಟೆಯ ಲೆಕ್ಕದಲ್ಲೂ ಎಚ್ಚರ ಬೇಕು: ರಾತ್ರಿ ಏಳರಿಂದ ಮತ್ತೆ ಒಂದೆಂದು ಎಣಿಸುವುದರಿಂದ ‘ಸಾಮ್ ಥುಮ್’, ಮೂರು ಎಂದರೆ, ರಾತ್ರಿ ಒಂಬತ್ತು. ಔಷಧಿ ಪೊಟ್ಟಣದ ಮೇಲೆ ಬುದ್ಧಶಕದ ವರ್ಷ 2570 ಎಂದಿದ್ದರೆ 543 ಕಳೆದು 2027 ಎಂದು ಓದಿಕೊಳ್ಳಬೇಕು.

ತೀರಾ ಕಡಿಮೆ ಭಾಷೆಯಲ್ಲೂ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಮಳೆಗಾಲದಲ್ಲಿ ಒ ಸೊ ಮೊ ಅಕ್ಕಂದಿರ ಹಿಂದೆ ಮನೆಮನೆ ಸುತ್ತುವುದು. ಪ್ರತಿ ಮನೆಯ ಮಗ್ಗುಲಲ್ಲಿ ಸೂರಿನ ನೀರು ಹಿಡಿಯುವ ದೊಡ್ಡ ಸಿಮೆಂಟ್ ಗುಡಾಣಗಳಿರುತ್ತವೆ. ಡೆಂಗಿ ಸೊಳ್ಳೆಗೆ ಬೇಕಾದದ್ದೂ ಅಂಥ ತಿಳಿನೀರೇ. ಟಾರ್ಚ್ ಬಿಟ್ಟು ನೋಡಿದರೆ ಮರಿಹುಳುಗಳು ಬೆಳಕಿಗೆ ಹೆದರಿ ಕೆಳಕ್ಕೆ ಇಳಿಯುವುದು ಕಾಣುತ್ತದೆ. ಬಳಕೆ ನೀರಿನ ಗುಡಾಣಕ್ಕೆ ಮರಿಹುಳು ಕೊಲ್ಲುವ ಶೇಕಡಾ ಒಂದರ ಟೆಮೆಫಾಸ್ ಮರಳನ್ನು 10 ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಹಾಕುತ್ತಾರೆ, 200 ಲೀಟರಿಗೆ 20 ಗ್ರಾಂ. ಬೇಡವೆನ್ನುವವರ ಗುಡಾಣಕ್ಕೆ ‘ನವಿಲುಬಾಲದ ಮೀನು’, ಅಂದರೆ ನಮ್ಮಲ್ಲೂ ಕೆರೆಗೆ ಬಿಡುವ ಗಪ್ಪಿ. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕು, ಆದ್ದರಿಂದ ಈ ಸುತ್ತು ವಾರಕ್ಕೊಮ್ಮೆ ತಪ್ಪಬಾರದು. ಹೂಕುಂಡದ ತಟ್ಟೆ, ಹಳೆಯ ಟೈರು, ಅಡುಗೆಮನೆ ಕಪಾಟಿನ ಕಾಲಿಗೆ ಇರುವೆ ಹತ್ತದಂತೆ ಇಟ್ಟ ನೀರಿನ ಬಟ್ಟಲು, ಇವನ್ನು ಬಗ್ಗಿ ನೋಡುವ ಎಳೆಯ ಬೆನ್ನು ಒಂದು ಸಿಕ್ಕರೆ ಅರವತ್ತು ದಾಟಿದ ಆ ಹೆಂಗಸರಿಗೆ ನಿಜವಾಗಿಯೂ ಹಗುರವಾಗುತ್ತದೆ.

ಊರಿನ ಜೊತೆ ಬೆರೆಯಲು ಹಬ್ಬಕ್ಕಿಂತ ಸಾವಿನ ಮನೆ ದೊಡ್ಡ ದಾರಿ. ಮೂರು, ಐದು, ಏಳು ದಿನ ಶವವಿಟ್ಟು ಸಂಜೆ ಭಿಕ್ಷುಗಳ ಪಠಣ ನಡೆಯುತ್ತದೆ. ಊರಿನವರೆಲ್ಲ ಅಲ್ಲೇ ಅಡುಗೆ, ಅಲ್ಲೇ ಊಟ. ಕಪ್ಪೋ ಬಿಳಿಯೋ ಉಟ್ಟು ಹೋಗಿ ಬೆಳ್ಳುಳ್ಳಿ ಸುಲಿಯಬೇಕು, ಪಾತ್ರೆ ತೊಳೆಯಬೇಕು, ಬಂದವರಿಗೆ ನೀರು ಕೊಡಬೇಕು. ಭಿಕ್ಷುಗಳಿಗೆ ಹೆಂಗಸರು ಕೈಯಿಂದ ಕೈಗೆ ಏನನ್ನೂ ಕೊಡಬಾರದು, ಅವರು ಹಾಸಿದ ವಸ್ತ್ರದ ಮೇಲೆ ಇಡಬೇಕು. ಹೊರಡುವಾಗ ಲಕೋಟೆಯ ಮೇಲೆ ಹೆಸರು ಬರೆದು ಒಂದು ನೂರು ಬಾತ್ ಆದರೂ ಇಟ್ಟು ಕೊಡುವುದು ಪದ್ಧತಿ. ಯಾರದು ಎಷ್ಟು ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ನಾಳೆ ಅವರ ಮನೆಗೆ ಅದು ಮರಳಬೇಕಲ್ಲ. ನಮ್ಮ ಮದುವೆ ಮನೆಗಳ ಮುಯ್ಯಿ ಪುಸ್ತಕವನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಸ್ವಯಂಸೇವಕರ ಹೆಸರೂ ಆ ಪುಸ್ತಕಕ್ಕೆ ಹತ್ತಿದ ಮೇಲೆ ಊರಿನ ಮಾತಿನ ಧಾಟಿ ಬದಲಾಗುತ್ತದೆ.

ಹೊರಡುವ ದಿನ ಹತ್ತಿರವಾದಾಗ ಕೆಲಸದ ಪರವಾನಗಿಯನ್ನು ಸಂಸ್ಥೆಯ ಮೂಲಕ ರದ್ದು ಮಾಡಿಸಬೇಕು. ಪರವಾನಗಿ ಮುಗಿದರೆ ಅದನ್ನು ಆಧರಿಸಿ ಸಿಕ್ಕ ವಾಸದ ಅನುಮತಿಯೂ ಮುಗಿಯುತ್ತದೆ, ದಿನಾಂಕಗಳನ್ನು ಹೊಂದಿಸಿಕೊಳ್ಳದಿದ್ದರೆ ವಿಮಾನ ನಿಲ್ದಾಣದಲ್ಲಿ ದಂಡ. ಮನೆಯಲ್ಲಿ ‘ಸೂ ಖ್ವಾನ್’ ಏರ್ಪಾಡಾಗುತ್ತದೆ. ದೇಹದ 32 ಕಡೆ ನೆಲೆಸಿರುವ ಖ್ವಾನ್, ಅಂದರೆ ಜೀವಚೈತನ್ಯ, ದೂರ ಹೋಗುವವರ ಜೊತೆ ಚದುರದಿರಲೆಂದು ಕರೆದು ಕಟ್ಟುವ ವಿಧಿ. ಬಾಳೆಎಲೆಯ ಗೋಪುರ, ಬೇಯಿಸಿದ ಮೊಟ್ಟೆ, ಅಂಟನ್ನ, ಬಾಳೆಹಣ್ಣು. ಹಿರಿಯರೊಬ್ಬರು ಪಠಿಸಿದ ಮೇಲೆ ಒಬ್ಬೊಬ್ಬರೇ ಬಂದು ಮಣಿಕಟ್ಟಿಗೆ ಬಿಳಿ ನೂಲು ಕಟ್ಟುತ್ತಾರೆ. ಕನಿಷ್ಠ ಮೂರು ದಿನ ಅದನ್ನು ತೆಗೆಯಬಾರದು, ತೆಗೆಯುವಾಗಲೂ ಕತ್ತರಿಸದೆ ಗಂಟು ಬಿಚ್ಚಬೇಕು.

ಹಿಂದಿನ ಸಂಜೆ ಮನೆಯಮ್ಮನಿಗೆ ‘ನಾಳೆ ಬೆಳಿಗ್ಗೆ ಬಸ್ಸು, ನನಗೆ ನೆನೆಹಾಕಬೇಡಿ’ ಎಂದು ಹೇಳುವುದು ಶಿಸ್ತು. ಆಕೆ ಹೂಂ ಎಂದು ಎಂದಿನಷ್ಟೇ ನೆನೆಹಾಕುತ್ತಾರೆ. ದಾರಿಗೆ ಬುತ್ತಿ ಬೇಡವೇ? ಬಾಳೆಎಲೆಯಲ್ಲಿ ಸುತ್ತಿದ ಅನ್ನ ಬ್ಯಾಂಕಾಕ್ ತಲುಪುವವರೆಗೂ ಮೆತ್ತಗೇ ಇರುತ್ತದೆ.